ಲಾ ಕನ್ಯಾಡಾದಲ್ಲಿ ಮನೆ ತಗೊಳ್ಳೋಣ ಅಂತಿದ್ದೇವೆ. ಬೆಟ್ಟದ ಬುಡದ ಬದುಕು ಹೇಗಿರುತ್ತೆ?

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮವರಿಗೆ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಹತ್ತಿರದ ಪಾಸಡೀನಾದಲ್ಲಿ ಕೆಲಸ ಸಿಕ್ಕಿದೆ. ಈಗ ಅರ್ವೈನ್‌ನಲ್ಲಿ ಬಾಡಿಗೆಗಿದ್ದೇವೆ. ಮಗಳು ಆರನೇ ಕ್ಲಾಸ್, ಮಗ ಎರಡನೇ ಕ್ಲಾಸ್. ಅತ್ತೆ ಮಾವ ಆಗಾಗ ಬಂದು ಕೆಲವು ತಿಂಗಳು ನಮ್ಮ ಜೊತೆ ಇರುತ್ತಾರೆ.

ಎಲ್ಲರೂ ಪಾಸಡೀನಾ ಪಕ್ಕದ ಊರು ಲಾ ಕನ್ಯಾಡಾ ಫ್ಲಿಂಟ್‌ರಿಡ್ಜ್ ಬಗ್ಗೆ ಹೇಳುತ್ತಾರೆ. ಹೋಗಿ ನೋಡಿಕೊಂಡು ಬಂದೆವು. ಫೂಟ್‌ಹಿಲ್ ಬುಲೆವಾರ್ಡ್‌ನಿಂದ ಮೇಲಕ್ಕೆ, ಓಕ್ ಮರಗಳ ಕೆಳಗೆ ಒಂದು ಹಳೆಯ ಮನೆ. ಹಿತ್ತಲಲ್ಲಿ ನಿಂತರೆ ಎದುರಿಗೇ ಸ್ಯಾನ್ ಗೇಬ್ರಿಯಲ್ ಬೆಟ್ಟ. ಮನಸ್ಸಿಗೆ ತುಂಬಾ ಹಿಡಿಸಿತು. ಬೆಲೆ 20 ಲಕ್ಷ ಡಾಲರ್ ದಾಟಿದೆ. ಆ ಊರಿನಲ್ಲಿ ಅದು ಮಾಮೂಲಿ ಅಂತೆ. ನಮಗೆ ಅದು ಜೀವಮಾನದ ಉಳಿತಾಯ.

ಬೆಂಕಿ, ಇನ್ಶೂರೆನ್ಸ್, ಶಾಲೆ, ವಯಸ್ಸಾದವರ ಓಡಾಟ, ಇವುಗಳ ಬಗ್ಗೆ ಅಲ್ಲಿ ಇರುವವರು, ಇದ್ದವರು ಬಿಡಿಸಿ ಹೇಳಿದರೆ ದೊಡ್ಡ ಉಪಕಾರ.

ಕಣಿವೆ ಬಾಯಿಯ ಮನೆ

ನಾವು ಮೇಲಿನ ಭಾಗದಲ್ಲೇ ಇದ್ದೇವೆ. 2009ರ ಬೆಂಕಿ, 2010ರ ಕೆಸರು ಎರಡನ್ನೂ ಕಂಡವರು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನೀವು ಹಿತ್ತಲಿನಿಂದ ನೋಡಿದ ಬೆಟ್ಟ ಇನ್ನೂ ಬೆಳೆಯುತ್ತಿರುವ ಬೆಟ್ಟ. ಬುಡದಲ್ಲೇ ಸಿಯೆರ್ರಾ ಮಾಡ್ರೆ ಬಿರುಕು ಇದೆ. ಭೂಮಿ ಅದನ್ನು ಮೇಲಕ್ಕೆ ತಳ್ಳುತ್ತಾ ಇರುತ್ತದೆ, ಅದು ಪುಡಿಯಾಗಿ ಕೆಳಗೆ ಬೀಳುತ್ತಾ ಇರುತ್ತದೆ. ಕಣಿವೆಗಳಿಂದ ಹೊರಗೆ ಬಂದು ಬಿದ್ದ ಆ ಕಲ್ಲು ಮಣ್ಣಿನ ರಾಶಿಯ ಮೇಲೆಯೇ ನಮ್ಮ ಬೀದಿಗಳಿವೆ. ತೋಟದಲ್ಲಿ ಒಂದು ಗಿಡ ನೆಡಲು ಅಗೆದು ನೋಡಿ, ಗುಂಡುಕಲ್ಲು ಸಿಗುತ್ತದೆ.

ಇಲ್ಲಿ ಬೆಂಕಿ ಬೇರೆ, ಪ್ರವಾಹ ಬೇರೆ ಅಂತ ಲೆಕ್ಕ ಹಾಕಬಾರದು. ಒಂದರ ಹಿಂದೆ ಇನ್ನೊಂದು ಬರುತ್ತದೆ. ಬೆಟ್ಟದ ಮೇಲಿರುವುದು ಚಾಪರೆಲ್ ಅನ್ನುವ ಕುರುಚಲು ಕಾಡು. ಎಲೆಗಳಲ್ಲಿ ಮೇಣದಂಥ ಪದಾರ್ಥ ಜಾಸ್ತಿ. ಕಾಡು ಹೊತ್ತಿ ಉರಿದಾಗ ಅದು ಆವಿಯಾಗಿ ಮಣ್ಣಿನೊಳಗೆ ಇಳಿದು, ಮೇಲಿನ ಪದರದ ಕೆಳಗೆ ನೀರು ಇಂಗದ ಪೊರೆ ಕಟ್ಟುತ್ತದೆ. ಬೇರುಗಳೂ ಸತ್ತಿರುತ್ತವೆ. ಆಮೇಲೆ ಜೋರು ಮಳೆ ಬಂದರೆ ನೀರು ಇಂಗುವುದಿಲ್ಲ, ಇಡೀ ಇಳಿಜಾರನ್ನೇ ಕಿತ್ತುಕೊಂಡು ಬರುತ್ತದೆ.

2009ರ ಆಗಸ್ಟ್ ಕೊನೆಯಲ್ಲಿ ಸ್ಟೇಷನ್ ಫೈರ್ ಶುರುವಾಯಿತು. ಯಾರೋ ಬೇಕೆಂದೇ ಹಚ್ಚಿದ ಬೆಂಕಿ. 1,60,000 ಎಕರೆ ಸುಟ್ಟಿತು, ಅಗ್ನಿಶಾಮಕ ದಳದ ಇಬ್ಬರು ಪ್ರಾಣ ಕಳೆದುಕೊಂಡರು. ನಮ್ಮ ಊರಿನ ಮನೆಗಳನ್ನು ಆಗ ಉಳಿಸಿದರು, ಎಲ್ಲರೂ ಕೈ ಮುಗಿದೆವು. ಆದರೆ 2010ರ ಫೆಬ್ರವರಿ 6ರ ನಸುಕಿನಲ್ಲಿ ಮಳೆ ಸುರಿಯಿತು. ಓಷನ್ ವ್ಯೂ ಬುಲೆವಾರ್ಡ್ ತುದಿಯ ಮಲ್ಲಾಲಿ ಬೇಸಿನ್ನಿನ ತೂಬಿಗೆ ದೊಡ್ಡ ಬಂಡೆಯೊಂದು ಸಿಕ್ಕಿಕೊಂಡು ಬೇಸಿನ್ ತುಂಬಿ ಹರಿಯಿತು. ರಸ್ತೆಯಲ್ಲಿ ಸಾಲಾಗಿ ಇಟ್ಟಿದ್ದ ಕಾಂಕ್ರೀಟ್ ತಡೆಗಳೇ ತೇಲಿಹೋದವು. ಕಾರುಗಳು ಒಂದರ ಮೇಲೊಂದು ಬಿದ್ದವು. 40ಕ್ಕೂ ಹೆಚ್ಚು ಮನೆಗಳಿಗೆ ಹಾನಿಯಾಯಿತು. ಯಾರೂ ಸಾಯಲಿಲ್ಲ ಅನ್ನುವುದೇ ಪುಣ್ಯ.

ಇದೇನೂ ಹೊಸದಲ್ಲ. 1933ರ ನವೆಂಬರ್‌ನಲ್ಲಿ ಪಕ್ಕದ ಕ್ರೆಸೆಂಟಾ ಕಣಿವೆಯ ಮೇಲಿನ ಬೆಟ್ಟ ಸುಟ್ಟಿತು. 1934ರ ಹೊಸ ವರ್ಷದ ರಾತ್ರಿ ಮಳೆಗೆ ಮಾಂಟ್ರೋಸ್, ಲಾ ಕ್ರೆಸೆಂಟಾ ಕಡೆ 40ಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೇ ಸಾಲು ಸಾಲು ಬೇಸಿನ್‌ಗಳು, ಕಾಂಕ್ರೀಟ್ ಕಾಲುವೆಗಳು ಬಂದದ್ದು.

ಮನೆ ನೋಡುವಾಗ ಅಡುಗೆಮನೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು: ಮೇಲಿನ ಕಣಿವೆ ಯಾವುದು, ಅದರ ಬೇಸಿನ್ ಎಲ್ಲಿದೆ, ಅದು ಉಕ್ಕಿದರೆ ನೀರು ಯಾವ ಬೀದಿ ಹಿಡಿಯುತ್ತದೆ. ಒಂದೇ ಬಡಾವಣೆಯಲ್ಲಿ ಎರಡು ಬೀದಿ ಆಚೆ ಈಚೆ ಆದರೆ ಸಾಕು, ಉತ್ತರ ಬೇರೆಯಾಗುತ್ತದೆ.

ಮಡಿಕೇರಿ ಕಡೆಯವನು

ಮೇಡಂ, ಬೇಸಿನ್ ಅಂದರೆ ಏನು? ಕೆರೆಯಾ? ನಮ್ಮ ಕಡೆ 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಊರೂರೇ ಕೆಸರಿನಡಿ ಹೋಯಿತು. ಅಲ್ಲಿ ವಾರಗಟ್ಟಲೆ ಮಳೆ ಹೊಡೆದು, ಕಡಿದ ಗುಡ್ಡ ನೆನೆದು ಜರಿದದ್ದು. ಇಲ್ಲಿ ಅಷ್ಟು ಮಳೆಯೇ ಇಲ್ಲವಲ್ಲ?

ಕಣಿವೆ ಬಾಯಿಯ ಮನೆ

ಕೆರೆಯಲ್ಲ ಸರ್. ಕಣಿವೆ ಊರಿಗೆ ತೆರೆದುಕೊಳ್ಳುವ ಜಾಗದಲ್ಲಿ ತೋಡಿದ ದೊಡ್ಡ ಗುಂಡಿ, ಮುಂದೆ ಒಂದು ಅಣೆ. ವರ್ಷದ ಬಹುಕಾಲ ಒಣಗಿ ಖಾಲಿ ಇರುತ್ತದೆ. ಕಲ್ಲು, ಮಣ್ಣು, ಮರದ ದಿಮ್ಮಿ ಅಲ್ಲಿ ನಿಲ್ಲಬೇಕು, ನೀರು ಮಾತ್ರ ಕಾಲುವೆಗೆ ಇಳಿಯಬೇಕು. ತುಂಬಿದ್ದನ್ನು ಕೌಂಟಿಯವರು (ಇಲ್ಲಿನ ಜಿಲ್ಲಾಡಳಿತ) ಲಾರಿಗಳಲ್ಲಿ ಸಾಗಿಸಿ ಮತ್ತೆ ಖಾಲಿ ಮಾಡಿಡುತ್ತಾರೆ.

ಮಳೆ ಬಗ್ಗೆ ನೀವು ಹೇಳಿದ್ದು ಸರಿ. ಇಲ್ಲಿ ಒಟ್ಟು ಮಳೆ ಕಡಿಮೆ. ಆದರೆ ಸುಟ್ಟ ಇಳಿಜಾರಿಗೆ ವಾರಗಟ್ಟಲೆ ಮಳೆ ಬೇಕಿಲ್ಲ. ಅರ್ಧ ಗಂಟೆ ರಭಸವಾಗಿ ಹೊಡೆದರೆ ಸಾಕು. ಅದಕ್ಕೇ ಬೆಂಕಿ ಆರಿದ ಮೇಲೂ ನಾವು ನಾಲ್ಕೈದು ಚಳಿಗಾಲ ಎಚ್ಚರವಾಗಿರುತ್ತೇವೆ. ಮರಳು ಮೂಟೆ ತುಂಬಿಡುವುದು, ಹೊರಡಿ ಅಂದ ಕೂಡಲೇ ಹೊರಡುವುದು. ‘ಹೋದ ಸಲ ಸುಮ್ನೆ ಎಬ್ಬಿಸಿದರು, ಏನೂ ಆಗಲಿಲ್ಲ’ ಅಂತ ಈ ಸಲ ಮನೆಯಲ್ಲೇ ಉಳಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಪಾಲಿಸಿ ಓದುವವ

ಮನೆ ಇನ್ಶೂರೆನ್ಸ್ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ, ಇದೇ 210 ಹೈವೇ ಪಕ್ಕದಲ್ಲಿ ಮನೆ. ನಮ್ಮ ಸ್ವಂತ ಮನೆಯ ಪಾಲಿಸಿಯನ್ನೂ ಕಂಪನಿ ಮುಂದುವರಿಸಲಿಲ್ಲ. ಒಂದು ಕ್ಲೇಮ್ ಕೂಡ ಮಾಡಿರಲಿಲ್ಲ. ಹಾಗಾಗಿ ಎರಡೂ ಕಡೆಯ ಕಷ್ಟ ಗೊತ್ತು.

ಈ ಊರಿನ ಬಹುಭಾಗ ರಾಜ್ಯದ ನಕ್ಷೆಯಲ್ಲಿ ‘ಅತಿ ಹೆಚ್ಚು ಬೆಂಕಿ ಅಪಾಯ’ದ ಬಣ್ಣದಲ್ಲಿದೆ. ದೊಡ್ಡ ಕಂಪನಿಗಳು ಇಂಥ ಜಾಗಗಳಲ್ಲಿ ಹೊಸ ಪಾಲಿಸಿ ಕೊಡುವುದನ್ನು ನಿಲ್ಲಿಸಿವೆ ಅಥವಾ ತುಂಬಾ ಕಡಿಮೆ ಮಾಡಿವೆ. ಯಾರೂ ಕೊಡದಿದ್ದಾಗ ಉಳಿಯುವುದು ಫೇರ್ ಪ್ಲಾನ್. ಅದು ಸರ್ಕಾರದ ದುಡ್ಡಲ್ಲ. 1968ರಲ್ಲಿ ಕಾನೂನು ಮಾಡಿ, ರಾಜ್ಯದ ಇನ್ಶೂರೆನ್ಸ್ ಕಂಪನಿಗಳೆಲ್ಲ ಸೇರಿ ನಡೆಸಬೇಕು ಎಂದು ಹುಟ್ಟುಹಾಕಿದ್ದು. ಮನೆಗೆ ಗರಿಷ್ಠ 30 ಲಕ್ಷ ಡಾಲರ್ ತನಕ ಕೊಡುತ್ತದೆ. ಅದರಲ್ಲಿ ಬೆಂಕಿ, ಹೊಗೆ ಇಂಥವು ಇರುತ್ತವೆ. ಕಳ್ಳತನ, ಪೈಪ್ ಒಡೆದು ನೀರು ನುಗ್ಗುವುದು, ನಿಮ್ಮ ಮನೆಯಲ್ಲಿ ಯಾರೋ ಬಿದ್ದು ಗಾಯ ಮಾಡಿಕೊಂಡದ್ದು ಇವಕ್ಕೆ ಬೇರೆ ಪಾಲಿಸಿ ಜೋಡಿಸಬೇಕು. ಎರಡೂ ಸೇರಿದ ಮೊತ್ತವನ್ನು ತಿಂಗಳ ಕಂತಿನ ಜೊತೆ ಕೂಡಿಸಿ ನೋಡಿ, ಆಮೇಲೆ ಮನೆ ನಿಮ್ಮ ಕೈಗೆ ಎಟುಕುತ್ತದಾ ಅಂತ ತೀರ್ಮಾನ ಮಾಡಿ.

ಕೆಸರು ನುಗ್ಗಿದರೆ? ಮಾಮೂಲಿ ಮನೆ ಪಾಲಿಸಿಯಲ್ಲಿ ಅದು ಇರುವುದಿಲ್ಲ. ಬೆಂಕಿಯಿಂದಾಗಿಯೇ ಕೆಸರು ಬಂತು ಎಂದು ತೋರಿಸಿದರೆ ಕ್ಯಾಲಿಫೋರ್ನಿಯಾದ ಕಾನೂನು ನಿಮ್ಮ ಪರ ನಿಲ್ಲಬಹುದು, ಆದರೆ ಅದಕ್ಕೆ ಓಡಾಡಬೇಕು, ವಾದ ಮಾಡಬೇಕು. ಕೇಂದ್ರ ಸರ್ಕಾರದ ಪ್ರವಾಹ ಪಾಲಿಸಿಯಲ್ಲಿ ಕೆಸರಿನ ಹರಿವು ಸೇರುತ್ತದೆ. ಮನೆಗೆ ಗರಿಷ್ಠ 2,50,000 ಡಾಲರ್. ಸಾಮಾನ್ಯವಾಗಿ ಕೊಂಡ 30 ದಿನದ ನಂತರವೇ ಜಾರಿಗೆ ಬರುವುದು. ಮಳೆ ಮುನ್ಸೂಚನೆ ನೋಡಿ ಕೊಂಡರೆ ಪ್ರಯೋಜನ ಇಲ್ಲ. ಭೂಕಂಪದ್ದು ಅದೂ ಬೇರೆ. ನನ್ನ ಸಲಹೆ, ಮನೆಗೆ ಆಫರ್ ಕೊಡುವ ಮೊದಲೇ ಆ ವಿಳಾಸ ಹಾಕಿ ಇನ್ಶೂರೆನ್ಸ್ ದರ ತರಿಸಿಕೊಳ್ಳಿ. ಎಸ್ಕ್ರೋ (ಹಣ, ಕಾಗದ ಮೂರನೆಯವರ ಕೈಯಲ್ಲಿಟ್ಟು ವ್ಯವಹಾರ ಮುಗಿಸುವ ಅವಧಿ) ಶುರುವಾದ ಮೇಲೆ ಹುಡುಕಲು ಹೊರಟು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ.

ಓಕ್ ನೆರಳು

ಎಲ್ಲರೂ ಹೆದರಿಸುತ್ತಿದ್ದೀರಿ ಅಂತ ನನಗೆ ಅನಿಸುತ್ತಿದೆ. ಹಾಸನದ ಹುಡುಗಿಯವರೇ, ಇಲ್ಲಿ ಬದುಕು ಸೊಗಸಾಗಿದೆ. ಬಾಗಿಲು ತೆಗೆದು ಹತ್ತು ನಿಮಿಷ ನಡೆದರೆ ಕಾಡಿನ ದಾರಿ. ಡೆಸ್ಕಾನ್ಸೋ ಗಾರ್ಡನ್ಸ್ ಇದೆ, 150 ಎಕರೆ. ಚಳಿಗಾಲದಲ್ಲಿ ಓಕ್ ಮರಗಳ ಕೆಳಗೆ ಕಮೀಲಿಯಾ ಹೂವಿನ ಕಾಡೇ ಅರಳುತ್ತದೆ. ಆ ಗಿಡಗಳಲ್ಲಿ ತುಂಬಾ ಜಪಾನಿ ಮೂಲದ ನರ್ಸರಿಯವರು ಬೆಳೆಸಿದ್ದು. 1942ರಲ್ಲಿ ಅವರನ್ನೆಲ್ಲ ಶಿಬಿರಗಳಿಗೆ ತಳ್ಳಿದಾಗ ನರ್ಸರಿಗಳನ್ನು ಮಾರಬೇಕಾಯಿತು, ಆಗ ಈ ತೋಟದ ಮಾಲೀಕ ಮ್ಯಾಂಚೆಸ್ಟರ್ ಬಾಡಿ ಅನ್ನುವವರು ಗಿಡಗಳನ್ನು ಕೊಂಡುಕೊಂಡರು. ಹೂವು ನೋಡುವಾಗ ಆ ಕುಟುಂಬಗಳನ್ನು ನೆನೆಯುತ್ತೇನೆ.

ಜನ ಒಳ್ಳೆಯವರು. ಊರು ಚಿಕ್ಕದು, 20,000 ಜನ. ನಾವು ಬಂದ ಹೊಸದರಲ್ಲಿ ಪಕ್ಕದ ಮನೆಯ ಕೊರಿಯನ್ ಅಜ್ಜಿ ಪರ್ಸಿಮನ್ ಹಣ್ಣು ತಂದುಕೊಟ್ಟರು. ಈಗ ಪ್ರತಿ ಸಂಕ್ರಾಂತಿಗೆ ನಮ್ಮ ಮನೆಯಿಂದ ಎಳ್ಳು ಬೆಲ್ಲ ಹೋಗುತ್ತದೆ.

ಬೆಂಕಿಗೂ ನಾವು ಮಾಡಬಹುದಾದ್ದು ಬೇಕಾದಷ್ಟಿದೆ. ಬಹಳಷ್ಟು ಮನೆಗಳಿಗೆ ಹೊತ್ತಿಕೊಳ್ಳುವುದು ಗಾಳಿಯಲ್ಲಿ ಹಾರಿ ಬರುವ ಕಿಡಿಯಿಂದ. ಗೋಡೆಗೆ ಅಂಟಿದ ಐದು ಅಡಿಯಲ್ಲಿ ಗಿಡ, ಮರದ ಚಕ್ಕೆ, ಸೌದೆ ಏನೂ ಇರಬಾರದು. ನಾವು ಅಲ್ಲಿ ಬರೀ ಜಲ್ಲಿ ಹಾಕಿಸಿದ್ದೇವೆ. ಅಟ್ಟದ ಗಾಳಿಕಿಂಡಿಗಳಿಗೆ ಸಣ್ಣ ಕಣ್ಣಿನ ತಂತಿ ಬಲೆ. ಸೂರಿನ ದೋಣಿಯಲ್ಲಿ ಎಲೆ ನಿಲ್ಲಲು ಬಿಡುವುದಿಲ್ಲ. ಬೇಲಿಗುಂಟ ಇದ್ದ ಸೈಪ್ರೆಸ್ ಸಾಲು ತೆಗೆಸಿದೆವು, ಒಳಗೆಲ್ಲ ಒಣಗಿದ ಕಡ್ಡಿ ತುಂಬಿತ್ತು. ಓಕ್ ಮರ ಮಾತ್ರ ಹಾಗೆ ಕಡಿಯುವಂತಿಲ್ಲ, ಊರಿನ ಅನುಮತಿ ಬೇಕು. ಇಂಥ ಕೆಲಸ ಮಾಡಿಸಿದ ಮನೆಗೆ ಕಂಪನಿಗಳು ರಿಯಾಯಿತಿ ಕೊಡಬೇಕು ಅಂತ 2022ರಿಂದ ರಾಜ್ಯದ ನಿಯಮವೂ ಇದೆ.

ಆಲ್ಟಡೀನಾದವರು

ಓಕ್ ನೆರಳು ಅವರು ಹೇಳಿದ್ದೆಲ್ಲ ನಿಜ. ಆ ಕೆಲಸಗಳನ್ನು ಖಂಡಿತ ಮಾಡಿಸಿ. ಆದರೆ ಒಂದು ಮಾತು.

ನಮ್ಮ ಮನೆ ಅರೋಯೋ ಸೆಕೋ ಕಣಿವೆಯ ಆಚೆ ದಡದಲ್ಲಿತ್ತು, ಪಶ್ಚಿಮ ಆಲ್ಟಡೀನಾದಲ್ಲಿ. 2025ರ ಜನವರಿ 7ರ ಸಂಜೆ ಆರು ಗಂಟೆ ಸುಮಾರಿಗೆ ಈಟನ್ ಕಣಿವೆಯಲ್ಲಿ ಬೆಂಕಿ ಕಾಣಿಸಿತು. ಹೆಲಿಕಾಪ್ಟರ್ ಹಾರಿಸಲೂ ಆಗದಂಥ ಗಾಳಿ. ಲೇಕ್ ಅವೆನ್ಯೂಗಿಂತ ಪಶ್ಚಿಮಕ್ಕೆ ‘ಖಾಲಿ ಮಾಡಿ’ ಅನ್ನುವ ಆದೇಶ ಬಂದದ್ದು ಬೆಳಗಿನ ಜಾವ ಮೂರು ದಾಟಿದ ಮೇಲೆ. ಆ ಬೆಂಕಿಯಲ್ಲಿ 19 ಜನ ಸತ್ತರು, ಬಹುತೇಕ ಎಲ್ಲರೂ ಆ ಪಶ್ಚಿಮ ಭಾಗದವರೇ. ತುಂಬಾ ಜನ ವಯಸ್ಸಾದವರು. 9,000ಕ್ಕೂ ಹೆಚ್ಚು ಕಟ್ಟಡಗಳು ಹೋದವು. ನಮ್ಮದೂ ಒಂದು.

ನಮ್ಮ ಬೀದಿ ಕಾಡಿಗೆ ಅಂಟಿಕೊಂಡಿರಲಿಲ್ಲ. ಕೆಳಗೆ, ಊರಿನ ಒಳಗಿತ್ತು. ಒಂದು ಮನೆ ಹೊತ್ತಿಕೊಂಡು ಪಕ್ಕದ್ದಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ಹಬ್ಬಿತು. ಹಾಗಾಗಿ ನಿಮ್ಮ ಮನೆಗೆ ಜಲ್ಲಿ ಹಾಕಿಸಿದರೆ ಸಾಲದು, ಬೀದಿಯವರೆಲ್ಲ ಸೇರಿ ಮಾಡಬೇಕು. ಇನ್ನು ಆದೇಶಕ್ಕೆ ಕಾಯಬೇಡಿ. ನಾವು ಉಳಿದದ್ದು ಎದುರು ಮನೆಯವರು ಬಾಗಿಲು ಬಡಿದದ್ದಕ್ಕೆ. ಅವರ ಕುಟುಂಬ ಆಲ್ಟಡೀನಾದಲ್ಲಿ ಮೂರು ತಲೆಮಾರಿನಿಂದ ಇದೆ. ಕಪ್ಪು ಜನರಿಗೆ ಸುತ್ತಲಿನ ಊರುಗಳಲ್ಲಿ ಮನೆ ಕೊಡದಿದ್ದ ಕಾಲದಲ್ಲಿ ಅವರ ಅಜ್ಜ ಅಲ್ಲಿ ಜಾಗ ತಗೊಂಡಿದ್ದರು. ಈಗ ಅದೇ ಜಾಗದಲ್ಲಿ ಮತ್ತೆ ಕಟ್ಟಲು ಹಣ ಹೊಂದಿಸಲಾಗದೆ ಒದ್ದಾಡುತ್ತಿದ್ದಾರೆ. ಬೆಟ್ಟದ ಬುಡದಲ್ಲಿ ಇರುವವರೆಲ್ಲ ಶ್ರೀಮಂತರಲ್ಲ.

ಹಾಸನದ ಹುಡುಗಿ

ಓದಿ ಕಣ್ಣಲ್ಲಿ ನೀರು ಬಂತು. ನೀವು ಎಲ್ಲರೂ ಕ್ಷೇಮವಾಗಿದ್ದೀರಲ್ಲ, ಅಷ್ಟೇ ಸಮಾಧಾನ. ನಮ್ಮ ಅತ್ತೆಗೆ ಮಂಡಿ ನೋವು, ಬೇಗ ನಡೆಯಲಾಗುವುದಿಲ್ಲ. ಹೊರಡಬೇಕಾದಾಗ ಎಷ್ಟು ದಾರಿ ಇದೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಮೈಸೂರಿನ ತಾತ

ಅಮ್ಮಾ, ನಾನು ಮಗನ ಮನೆಗೆ ಬಂದು ಹೋಗುವವನು, ಅದೇ ಊರು. ವಯಸ್ಸಾದವರ ವಿಷಯ ನಾನು ಹೇಳುತ್ತೇನೆ.

ಮನೆ ಚೆನ್ನಾಗಿದೆ, ಗಾಳಿ ಚೆನ್ನಾಗಿದೆ. ಆದರೆ ಬಹಳ ಬೀದಿಗಳಲ್ಲಿ ಫುಟ್‌ಪಾತೇ ಇಲ್ಲ. ದಾರಿಯೆಲ್ಲ ಏರು ಇಳಿಜಾರು, ರಾತ್ರಿ ದೀಪವೂ ಕಡಿಮೆ. ಮಗ ಸೊಸೆ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಸಂಜೆ ತನಕ ಒಂದು ಮನುಷ್ಯನ ಮುಖ ಕಾಣುವುದಿಲ್ಲ. ಮೈಸೂರಿನಲ್ಲಿ ಬೆಳಿಗ್ಗೆ ಹಾಲಿಗೆ ಹೋದರೆ ನಾಲ್ಕು ಜನ ಮಾತಾಡಿಸುತ್ತಾರೆ. ಇಲ್ಲಿ ಬಸ್ ಇದೆ, ಆದರೆ ಅದು ಕೆಳಗೆ ಫೂಟ್‌ಹಿಲ್ ರಸ್ತೆಯಲ್ಲಿ. ಅಲ್ಲಿಗೆ ಇಳಿದು ಮತ್ತೆ ಹತ್ತುವುದು ನನ್ನ ಮಂಡಿಗೆ ಆಗದು. ನನ್ನ ಸೊಸೆ ಇದನ್ನು ಗಮನಿಸಿ ಡೆಸ್ಕಾನ್ಸೋ ತೋಟಕ್ಕೆ ವರ್ಷದ ಸದಸ್ಯತ್ವ ಮಾಡಿಸಿದಳು. ಬೆಳಿಗ್ಗೆ ಬಿಟ್ಟು ಹೋಗುತ್ತಾಳೆ. ಅಲ್ಲಿ ದಾರಿ ಸಮ, ಬೆಂಚುಗಳಿವೆ. ಒಬ್ಬರು ಆರ್ಮೇನಿಯನ್ ಹಿರಿಯರು ಸಿಗುತ್ತಾರೆ. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು, ಆದರೂ ಒಟ್ಟಿಗೆ ಕೂರುತ್ತೇವೆ.

ದೇವಸ್ಥಾನಕ್ಕೆ ಕ್ಯಾಲಬಾಸಸ್‌ಗೆ ಹೋಗಬೇಕು, ವೆಂಕಟೇಶ್ವರನ ಗುಡಿ. ಸಾಂಬಾರು ಪುಡಿ, ಅವಲಕ್ಕಿ ಅಂದರೆ ಆರ್ಟೀಸಿಯಾಗೆ. ಎರಡೂ ದೂರ. ನಿಮ್ಮ ಅತ್ತೆ ಮಾವ ಬಂದಾಗ ಇದನ್ನೆಲ್ಲ ಯಾರು ಮಾಡುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು, ಕರಡಿ ಬರುತ್ತದೆ. ನಾನೇ ಕಿಟಕಿಯಿಂದ ನೋಡಿದ್ದೇನೆ. ಕಸದ ಡಬ್ಬಿಯನ್ನು ಹಿಂದಿನ ರಾತ್ರಿ ಹೊರಗಿಡಬಾರದು, ಬೆಳಿಗ್ಗೆಯೇ ಇಡಬೇಕು. 1933ರಲ್ಲಿ ಯೊಸೆಮಿಟಿಯಿಂದ ಕರಡಿಗಳನ್ನು ತಂದು ದಕ್ಷಿಣದ ಈ ಬೆಟ್ಟಗಳಲ್ಲಿ ಬಿಟ್ಟರಂತೆ, ಅವುಗಳ ಸಂತತಿ.

ಇಬ್ಬರು ಮಕ್ಕಳ ಅಮ್ಮ

ಶಾಲೆ ಬಗ್ಗೆ ಯಾರೂ ಬರೆದಿಲ್ಲ, ನಾನು ಹೇಳುತ್ತೇನೆ. ಶಾಲೆಗಳು ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಹೈಸ್ಕೂಲ್ ಏಳರಿಂದ ಹನ್ನೆರಡನೇ ಕ್ಲಾಸ್ ತನಕ ಒಂದೇ ಕ್ಯಾಂಪಸ್. ನಿಮ್ಮ ಮಗಳು ಮುಂದಿನ ವರ್ಷವೇ ಅಲ್ಲಿಗೆ ಹೋಗುತ್ತಾಳೆ.

1978ರಲ್ಲಿ ಜನ ಮತ ಹಾಕಿ ತಂದ 13ನೇ ಪ್ರಪೊಸಿಷನ್ ಅನ್ನುವ ಕಾನೂನು ಬಂದು ಆಸ್ತಿ ತೆರಿಗೆಗೆ ಮಿತಿ ಹಾಕಿದ ಮೇಲೆ ಶಾಲೆಗಳ ಹಣ ಕಡಿಮೆಯಾಯಿತು. ಅದೇ ವರ್ಷ ಊರವರು ಸೇರಿ ಶಾಲೆಗಾಗಿ ಪ್ರತಿಷ್ಠಾನ ಕಟ್ಟಿದರು. ಪ್ರತಿ ವರ್ಷ ಪೋಷಕರಿಂದ ದೇಣಿಗೆ ಕೇಳುತ್ತಾರೆ, ಸಣ್ಣ ಮೊತ್ತವಲ್ಲ. ಕೊಡಲೇಬೇಕು ಅಂತಿಲ್ಲ. ಇನ್ನು ನಿಮ್ಮ ತೆರಿಗೆ ನೀವು ಕೊಂಡ ಬೆಲೆಯ ಮೇಲೆ ಶುರುವಾಗುತ್ತದೆ, ಸುಮಾರು ನೂರಕ್ಕೆ ಒಂದು, ಮೇಲೆ ಸ್ಥಳೀಯ ಸೇರ್ಪಡೆಗಳು. 40 ವರ್ಷದ ಹಿಂದೆ ಕೊಂಡ ಪಕ್ಕದ ಮನೆಯವರು ಅದರ ಸಣ್ಣ ಪಾಲು ಕಟ್ಟುತ್ತಿರುತ್ತಾರೆ.

ನನಗೆ ಹೆಚ್ಚು ಕಾಳಜಿ ಇರುವುದು ಒತ್ತಡದ ಬಗ್ಗೆ. ಇಲ್ಲಿ ಎಲ್ಲ ಮಕ್ಕಳೂ ಏನಾದರೂ ಒಂದರಲ್ಲಿ ಮುಂದು. ನನ್ನ ದೊಡ್ಡವಳು ಒಳ್ಳೆಯ ಅಂಕ ತೆಗೆದೂ ತಾನು ದಡ್ಡಿ ಅಂತ ಅಳುತ್ತಿದ್ದಳು. ಊಟದ ಟೇಬಲ್ಲಿನಲ್ಲಿ ಅಂಕದ ಮಾತು ನಿಲ್ಲಿಸಿದೆವು. ಒಂದು ಎಪಿ (ಕಾಲೇಜು ಮಟ್ಟದ) ಕೋರ್ಸ್ ಬಿಡಿಸಿ, ಆ ಹೊತ್ತು ಅವಳಿಗೆ ಇಷ್ಟವಾದ ಕುದುರೆ ಸವಾರಿಗೆ ಕೊಟ್ಟೆವು. ಈಗ ಮನೆಯಲ್ಲಿ ನಗು ಕೇಳಿಸುತ್ತದೆ. ನಿಮ್ಮ ಮಗಳ ಸ್ವಭಾವ ನೋಡಿಕೊಂಡು ನಿರ್ಧಾರ ಮಾಡಿ ಅಕ್ಕ.

ಮಾಂಟ್ರೋಸ್ ಬಾಡಿಗೆದಾರ

ನನ್ನ ಮಾತು ಕೆಲವರಿಗೆ ಹಿಡಿಸದೇ ಇರಬಹುದು. ನಾನು ಈ ಊರಿನ ಹತ್ತಿರದ ಆಸ್ಪತ್ರೆಯೊಂದರಲ್ಲಿ ನರ್ಸ್. ಇಲ್ಲಿ ಕೆಲಸ ಮಾಡುವ ಶಿಕ್ಷಕರು, ತೋಟದವರು, ನಮ್ಮಂಥವರು ಇಲ್ಲಿ ಇರಲಾಗುವುದಿಲ್ಲ. ಬಾಡಿಗೆ ಮನೆಗಳೇ ಕಡಿಮೆ. ಫೂಟ್‌ಹಿಲ್ ರಸ್ತೆಯ 600ನೇ ನಂಬರಿನಲ್ಲಿ, ಹಳೆಯ ಚರ್ಚಿನ ಜಾಗದಲ್ಲಿ, 80 ಅಪಾರ್ಟ್‌ಮೆಂಟ್ ಕಟ್ಟಲು ಅರ್ಜಿ ಬಂದಾಗ 2023ರಲ್ಲಿ ಊರಿನ ಕೌನ್ಸಿಲ್ ಬೇಡ ಎಂದಿತು. ಅದು ರಾಜ್ಯದ ವಸತಿ ಕಾನೂನಿಗೆ ವಿರುದ್ಧ ಎಂದು 2024ರ ಮಾರ್ಚ್‌ನಲ್ಲಿ ಕೋರ್ಟು ಹೇಳಿತು. ಮುಖ್ಯ ರಸ್ತೆಯಲ್ಲಿ, ಬಸ್ ಹೋಗುವ ಕಡೆ ಮನೆ ಕಟ್ಟಿದರೆ ಏನು ತೊಂದರೆ?

ಓಕ್ ನೆರಳು

ಒಂದೇ ತೊಂದರೆ, ಬೆಂಕಿ ಬಂದಾಗ ಎಲ್ಲರೂ ಒಟ್ಟಿಗೆ ಹೊರಡಬೇಕು. ಮೇಲಿನ ಬೀದಿಗಳಿಗೆ ಒಂದೋ ಎರಡೋ ದಾರಿ. ನನಗೂ ಶಿಕ್ಷಕರು ಇಲ್ಲೇ ಇರಲಿ ಅನ್ನುವ ಆಸೆ ಇದೆ. ಆದರೆ ಭಯವೂ ನಿಜ.

ಕಣಿವೆ ಬಾಯಿಯ ಮನೆ

ನಾನು ನರ್ಸ್ ಮೇಡಂ ಪರ. ಆ ಜಾಗ ಕೆಳಗೆ, 210 ಹೈವೇ ಹತ್ತಿರ. ದಾರಿ ಕಡಿಮೆ ಇರುವುದು ನಮ್ಮಂಥ ಮೇಲಿನ ಮನೆಗಳಿಗೆ. ಬೆಂಕಿಯ ಹೆಸರು ಹೇಳಿ ಕೆಳಗಿನ ಅಪಾರ್ಟ್‌ಮೆಂಟ್ ತಡೆಯುತ್ತೇವೆ, ಕಾಡಿನ ಅಂಚಿನಲ್ಲಿ ಇನ್ನೂ ದೊಡ್ಡ ಬಂಗಲೆ ಕಟ್ಟಿದರೆ ಸುಮ್ಮನಿರುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ. 2010ರಲ್ಲಿ ನಮ್ಮ ಬೀದಿಯ ಕೆಸರು ತೆಗೆದವರು ಯಾರು? ಸಲಿಕೆ ಹಿಡಿದು ಬಂದವರಲ್ಲಿ ಎಷ್ಟೋ ಜನ ಕಣಿವೆಯ ಕೆಳಗಿನ ಬಾಡಿಗೆ ಮನೆಗಳವರು. ಅವರು ನಮ್ಮ ಊರವರಾಗಲು ಏಕೆ ಆಗಬಾರದು?

ಮಾಂಟ್ರೋಸ್ ಬಾಡಿಗೆದಾರ

ಥ್ಯಾಂಕ್ಸ್ ಮೇಡಂ.

ಹಾಸನದ ಹುಡುಗಿಯವರೇ, ನಮ್ಮ ಕಡೆಯೂ ಒಮ್ಮೆ ನೋಡಿ. ಮಾಂಟ್ರೋಸ್‌ನ ಹೊನಲೂಲೂ ಅವೆನ್ಯೂದಲ್ಲಿ ಫುಟ್‌ಪಾತ್ ಇದೆ, ಅಂಗಡಿಗಳಿವೆ, ಭಾನುವಾರ ರೈತರ ಸಂತೆ ಇದೆ. ನಿಮ್ಮ ಅತ್ತೆ ಒಬ್ಬರೇ ಹೋಗಿ ಸೊಪ್ಪು ತರಬಹುದು. ಲಾ ಕ್ರೆಸೆಂಟಾದ ಶಾಲೆಗಳು ಗ್ಲೆಂಡೇಲ್ ಶಾಲಾ ಜಿಲ್ಲೆಯವು, ಅವೂ ಚೆನ್ನಾಗಿವೆ. ಬೆಟ್ಟದ ಅಪಾಯ ಇಲ್ಲಿಯೂ ಇದೆ, 1934ರ ಸಾವುಗಳಾದದ್ದು ನಮ್ಮ ಕಡೆಯೇ. ಆದರೆ ಬಾಡಿಗೆಗೆ ಇದ್ದು ಒಂದು ಬೇಸಿಗೆ, ಒಂದು ಮಳೆಗಾಲ ನೋಡಬಹುದಲ್ಲ?

ಪಾಲಿಸಿ ಓದುವವ

ಅದಕ್ಕೆ ನನ್ನದೂ ಒಂದು ವೋಟು. ಹಾಸನದ ಹುಡುಗಿಯವರೇ, ನಿಮ್ಮವರ ಕೆಲಸ ಯಾವ ಸಂಸ್ಥೆಯಲ್ಲಿ ಅಂತ ಕೇಳುವುದಿಲ್ಲ. ಆದರೆ ಇಲ್ಲೇ ಪಕ್ಕದ ನಾಸಾ ಪ್ರಯೋಗಾಲಯ ಜೆಪಿಎಲ್ 2024ರ ಫೆಬ್ರವರಿಯಲ್ಲಿ 530 ಜನರನ್ನು, 2025ರ ಅಕ್ಟೋಬರ್‌ನಲ್ಲಿ ಸುಮಾರು 550 ಜನರನ್ನು ಕೆಲಸದಿಂದ ತೆಗೆಯಿತು. ಇಲ್ಲಿ ಗಟ್ಟಿ ಅನಿಸಿದ ಕೆಲಸವೂ ಅಲುಗಾಡಿದೆ. ಒಂದೇ ಸಂಬಳದ ಮೇಲೆ ಇಷ್ಟು ದೊಡ್ಡ ಸಾಲ ಎತ್ತುವ ಮೊದಲು ಒಂದು ವರ್ಷದ ಕಂತು ಕೈಯಲ್ಲಿರಲಿ.

ಹಾಸನದ ಹುಡುಗಿ

ನಿನ್ನೆ ರಾತ್ರಿ ಇಬ್ಬರೂ ಕೂತು ಎಲ್ಲವನ್ನೂ ಮತ್ತೆ ಓದಿದೆವು. ಆ ಮನೆಗೆ ಇನ್ಶೂರೆನ್ಸ್ ದರ ತರಿಸಿದೆವು. ಫೇರ್ ಪ್ಲಾನ್, ಜೊತೆಯ ಪಾಲಿಸಿ ಎರಡೂ ಸೇರಿದರೆ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ. ಗಾಳಿಕಿಂಡಿ, ಗೋಡೆ ಪಕ್ಕದ ಗಿಡ ಯಾವುದೂ ಸರಿ ಮಾಡಿಸಿಲ್ಲ. ಮನೆ ಮಾರುವವರು ಕೊಡಬೇಕಾದ ಬೆಂಕಿ ತಪಾಸಣೆಯ ಕಾಗದವನ್ನೂ ಇನ್ನೂ ಕೊಟ್ಟಿಲ್ಲ.

ಹಾಗಾಗಿ ಈ ಸಲ ಆಫರ್ ಕೊಡುವುದಿಲ್ಲ. ಮಾಂಟ್ರೋಸ್ ಅಥವಾ ಲಾ ಕ್ರೆಸೆಂಟಾದಲ್ಲಿ ಬಾಡಿಗೆಗೆ ಹುಡುಕುತ್ತೇವೆ. ಹೊನಲೂಲೂ ಅವೆನ್ಯೂಗೆ ನಡೆದು ಹೋಗುವಷ್ಟು ಹತ್ತಿರ, ಮೆಟ್ಟಿಲು ಕಡಿಮೆ ಇರುವ ಮನೆ ಬೇಕು. ಎರಡು ಬೆಡ್‌ರೂಮ್ ಆದರೂ ಸಾಕು. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಕಣಿವೆ ಬಾಯಿಯ ಮನೆಯವರೇ, ಬೆಟ್ಟದ ಆಸೆ ಮಾತ್ರ ಬಿಟ್ಟಿಲ್ಲ. ಶನಿವಾರ ಬಂದರೆ ಆ ಬೇಸಿನ್‌ಗಳು ಎಲ್ಲಿವೆ ಅಂತ ತೋರಿಸುತ್ತೀರಾ? ಯಾವ ಬೀದಿಯಲ್ಲಿ ಹುಡುಕಬಾರದು ಅಂತ ಕಣ್ಣಾರೆ ನೋಡಿಕೊಳ್ಳುತ್ತೇವೆ.

ಕಣಿವೆ ಬಾಯಿಯ ಮನೆ

ಖಂಡಿತ ಬನ್ನಿ. ಒಂಬತ್ತಕ್ಕೆ ಮೊದಲು ಬಂದರೆ ಬಿಸಿಲು ಇರುವುದಿಲ್ಲ. ಮಕ್ಕಳಿಗೆ ಗಟ್ಟಿ ಶೂ ಹಾಕಿಸಿ. ಬೇಸಿನ್ನಿಗೆ ಬೇಲಿ ಇದೆ, ಒಳಗೆ ಬಿಡುವುದಿಲ್ಲ, ಆದರೆ ಹೊರಗಿನಿಂದ ಎಲ್ಲ ಕಾಣುತ್ತದೆ. ಅಲ್ಲಿಂದ ನೀರು ಇಳಿಯುವ ದಾರಿ ಹಿಡಿದು ಫೂಟ್‌ಹಿಲ್ ತನಕ ನಡೆಯೋಣ. ತಿಂಡಿ ನಮ್ಮ ಮನೆಯಲ್ಲಿ. ನರ್ಸ್ ಮೇಡಂ, ನೀವೂ ಬನ್ನಿ. ಅವರಿಗೆ ಮಾಂಟ್ರೋಸ್‌ನ ಬಾಡಿಗೆ ಮನೆಗಳನ್ನು ನೀವೇ ತೋರಿಸಿದರೆ ಒಳ್ಳೆಯದು.